ಮೂವತ್ತೊಂದೂವರೆ ಕಿಲೋ

ತೂಕದ ಯಂತ್ರದ ಮುಳ್ಳು ಅಲುಗಾಡಿ ಅಲುಗಾಡಿ ಮೂವತ್ತೊಂದೂವರೆಯ ಮೇಲೆ ನಿಂತಿತು. ಆಗಷ್ಟೇ ತಯಾರಾಗಿ ಬಂದಿದ್ದ ಮುಂಗಾಲು, ಅಂದರೆ ವಿಮಾನದ ಮೂತಿಯ ಕೆಳಗೆ ಚಕ್ರ ಹಿಡಿದು ನಿಲ್ಲುವ ಕಾಲು, ಎಣ್ಣೆಯ ವಾಸನೆ ಬೀರುತ್ತ ಅದರ ಮೇಲೆ ಮಲಗಿತ್ತು. ಕಾಗದದಲ್ಲಿ ಅದರ ತೂಕ ಮೂವತ್ತಾರು ಕಿಲೋ.

"ನಾಲ್ಕೂವರೆ ಕಿಲೋ ಕಮ್ಮಿ!" ಎಂದರು ನರಸಿಂಹಯ್ಯ. ಗೊರಗುಂಟೆಪಾಳ್ಯದ ಆ ಶೆಡ್ಡಿನಲ್ಲಿ ರೂಪುಗೊಳ್ಳುತ್ತಿದ್ದ ಪುಟ್ಟ ತರಬೇತಿ ವಿಮಾನದ ಆರೂ ತಂಡಗಳನ್ನು ಒಟ್ಟಿಗೆ ನಡೆಸುವ ಹೊಣೆ ಅವರದು. "ನೋಡ್ರಯ್ಯಾ, ಡಿಸೈನ್ ಅಂದ್ರೆ ಇದು!"

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಮುಂಗಾಲಿನ ತಂಡದ ಮುಖ್ಯಸ್ಥ ರಹಮತುಲ್ಲಾ ಕರ್ಚೀಫು ತೆಗೆದು, ಬೆವರೇ ಇಲ್ಲದ ಮುಖವನ್ನು ಒರೆಸಿಕೊಂಡ.

ವಿಮಾನ ಒಟ್ಟು ಇಷ್ಟೇ ತೂಗಬೇಕೆಂದು ಮೊದಲೇ ಗೊತ್ತು ಮಾಡಿ, ಆ ತೂಕವನ್ನು ತಂಡಗಳಿಗೆ ಹಂಚುವುದು ಅಲ್ಲಿನ ಪದ್ಧತಿ. ರೆಕ್ಕೆಯವರಿಗೆ ಇಷ್ಟು, ಎಂಜಿನ್ನಿನವರಿಗೆ ಇಷ್ಟು, ವಿದ್ಯುತ್ ತಂತಿಯವರಿಗೆ ಇಷ್ಟು. ಒಬ್ಬರು ಹೆಚ್ಚು ತೆಗೆದುಕೊಂಡರೆ ಇನ್ನೊಬ್ಬರ ಪಾಲಿನಿಂದಲೇ ಹೋಗಬೇಕು. ಹಿಂದಿನ ವರ್ಷ, ಎಂಬತ್ತೆರಡರಲ್ಲಿ, ಹಂಚಿಕೆಯ ದಿನ ರಹಮತುಲ್ಲಾನ ಲೆಕ್ಕ ಮೂವತ್ತೊಂದೂವರೆಗೇ ಬಂದಿತ್ತು. ಅವನು ಮೂವತ್ತೆಂಟು ಎಂದು ಬರೆದುಕೊಟ್ಟ. ಮೇಲಿನವರು ಹೇಗೂ ಕತ್ತರಿಸುತ್ತಾರೆ, ಕೈಯಲ್ಲಿ ಒಂದಿಷ್ಟು ಇರಲಿ ಎಂದುಕೊಂಡಿದ್ದ, ಅಷ್ಟೆ.

ಕತ್ತರಿಸುವ ಕಾಲವೂ ಬಂತು. ಒಟ್ಟು ತೂಕ ಮಿತಿ ಮೀರಿದಾಗ ನರಸಿಂಹಯ್ಯ ಸೋಮವಾರದ ಮೀಟಿಂಗಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳತೊಡಗಿದರು. ರಹಮತುಲ್ಲಾ ನಾಲ್ಕು ಸೋಮವಾರ, ನಕ್ಷೆಯ ಒಂದು ಗೆರೆಯನ್ನೂ ಅಳಿಸದೆ, ಅರ್ಧರ್ಧ ಕಿಲೋ ಬಿಟ್ಟುಕೊಟ್ಟ. ತಂತಿ ತಂಡದ ವೆಂಕಟಸ್ವಾಮಿ ಮೊದಲ ದಿನವೇ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಿದ್ದವನು. ಆ ತಿಂಗಳೆಲ್ಲ ತಂತಿಗಳ ದಾರಿ ಬದಲಿಸಿ ಬದಲಿಸಿ ಮುನ್ನೂರು ಗ್ರಾಂ ಇಳಿಸಿದ. ಇನ್ನು ತೆಗೆಯಬಹುದಾದದ್ದು ಎಚ್ಚರಿಕೆ ದೀಪಗಳ ಎರಡನೇ ಸಾಲಿನ ತಂತಿ ಮಾತ್ರ. ಒಂದು ಕಡಿದರೆ ಇನ್ನೊಂದು ಇರಲಿ ಎಂದು ಎಳೆದದ್ದು.

"ಅದನ್ನ ತೆಗೆಯಕ್ಕಾಗಲ್ಲ ಸರ್. ಹಾರಿಸೋನ ಜೀವದ ಪ್ರಶ್ನೆ," ಎಂದಿದ್ದ ವೆಂಕಟಸ್ವಾಮಿ, ಎದ್ದು ನಿಂತು.

"ರಹಮತುಲ್ಲಾಗೆ ಎರಡು ಕಿಲೋ ಆಗುತ್ತೆ, ನಿಮಗ್ಯಾಕ್ರೀ ಆಗಲ್ಲ? ಹೋಗಿ ಅವರ ಹತ್ರ ಕಲ್ತ್ಕೊಳ್ಳಿ."

ರಹಮತುಲ್ಲಾ ಆಗ ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡುತ್ತಿದ್ದ. ಮುಂದಿನ ತಿಂಗಳು ವೆಂಕಟಸ್ವಾಮಿಯನ್ನು ಕೈಪಿಡಿ ಬರೆಯುವ ವಿಭಾಗಕ್ಕೆ ಹಾಕಿದರು. ಅವನ ಜಾಗಕ್ಕೆ ಬಂದವನು ಎರಡನೇ ತಂತಿಯನ್ನು ನಕ್ಷೆಯಿಂದ ತೆಗೆದುಹಾಕಿದ.

ತೂಗಿದ ದಿನ ಶನಿವಾರ, ಅರ್ಧ ದಿನದ ಕೆಲಸ. ರಹಮತುಲ್ಲಾ ಆರ್.ಟಿ. ನಗರದ ಮನೆಗೆ ಹೋಗದೆ ಯಲಹಂಕದ ಬಸ್ಸು ಹತ್ತಿದ. ವೆಂಕಟಸ್ವಾಮಿಯ ಮನೆ ಹಳೇ ಊರಿನ ಅಂಚಿನಲ್ಲಿ, ದ್ರಾಕ್ಷಿ ತೋಟಕ್ಕೆ ಅಂಟಿಕೊಂಡಿತ್ತು. ಅವನ ಹೆಂಡತಿ ಮುನಿಕೃಷ್ಣಮ್ಮ, "ಬನ್ನಿ ಅಣ್ಣಾ, ಇವ್ರು ತೋಟದಾಗವ್ರೆ, ಕರೀತೀನಿ," ಎಂದು ಚಾಪೆ ಹಾಸಿದಳು.

ವೆಂಕಟಸ್ವಾಮಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ಮುಖದಲ್ಲಿ ನಗು. "ಗೇಟಿನ ಹತ್ರ ಎಲ್ಲಾ ಅದೇ ಮಾತು. ನಾಲ್ಕೂವರೆ ಕಿಲೋ! ಎಂಗ್ ಇಳಿಸಿದ್ರಿ ಸಾಹೇಬ್ರೆ?"

ರಹಮತುಲ್ಲಾ ಬಾಯಿ ತೆರೆಯುವ ಮೊದಲೇ ಅವನು ಒಳಗಿನಿಂದ ಒಂದು ನೋಟ್‌ಬುಕ್ ತಂದು ಚಾಪೆಯ ಮೇಲೆ ಬಿಡಿಸಿಟ್ಟ. ಪುಟದ ತುಂಬ ಮುಂಗಾಲಿನ ಒಂದೊಂದು ಭಾಗದ ಹೆಸರು, ಎದುರಿಗೆ ತೂಕ, ದುಂಡಗಿನ ಅಕ್ಷರದಲ್ಲಿ.

"ನಿಮ್ಮ ಹತ್ರ ಕಲೀರಿ ಅಂತ ನರಸಿಂಹಯ್ಯನೋರು ಅಂದ್ರಲ್ಲ, ಅವತ್ತೇ ನಿಮ್ಮ ಮೊದಲ್ನೇ ನಕ್ಷೆ ತರಿಸ್ಕೊಂಡೆ. ಮೂರು ಸಲ ಕೂಡಿದೆ. ಮೂರು ಸಲಾನೂ ಮೂವತ್ತೊಂದೂವರೇನೇ ಬಂತು." ಸಂಕೋಚದಿಂದ ಕತ್ತು ಕೆರೆದುಕೊಂಡ. "ಮೂವತ್ತೆಂಟು ಬರ್ಬೇಕು, ಬರ್ಲಿಲ್ಲ. ಕೂಡೋದೂ ಮರ್ತೋಯ್ತಾ ಅಂದ್ಕೊಂಡೆ. ಕೈಪಿಡಿಗೆ ಹಾಕ್ದಾಗ ಅದಕ್ಕೇ ಮಾತಾಡ್ಲಿಲ್ಲ. ಎಲ್ಲಿ ತಪ್ಪಿದೀನಿ, ವಸಿ ತೋರಿಸ್ಕೊಡಿ."

ಪೆನ್ನಿನ ಮುಚ್ಚಳ ತೆಗೆದು ರಹಮತುಲ್ಲಾನ ಕೈಗಿತ್ತ.

ರಹಮತುಲ್ಲಾನ ಕಿವಿಗಳು ಕಾದವು. ಪೆನ್ನು ಹಿಡಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ತಪ್ಪಿಲ್ಲ ವೆಂಕಟಸ್ವಾಮಿ. ಮೊದಲಿಂದಲೂ ಅಷ್ಟೇ ಇತ್ತು. ನಾನೇ ಜಾಸ್ತಿ ಬರೆದಿದ್ದೆ."

"ಗೊತ್ತಿದ್ದೂ?"

"ಗೊತ್ತಿದ್ದೂ."

"ಅವತ್ತು ನಾನು ಎದ್ದು ನಿಂತಿದ್ನಲ್ಲ, ಆಗ್ಲೂ?"

ರಹಮತುಲ್ಲಾ ಪೆನ್ನನ್ನು ಚಾಪೆಯ ಮೇಲಿಟ್ಟ. ಮುನಿಕೃಷ್ಣಮ್ಮ ತಟ್ಟೆಯಲ್ಲಿ ದ್ರಾಕ್ಷಿ ತಂದಿಟ್ಟು ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು. ವೆಂಕಟಸ್ವಾಮಿ ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡು, ತಾನು ಕೂಡಿದ ಮೊತ್ತದ ಕೆಳಗೆ ಬೆರಳಿಟ್ಟು ಬಹಳ ಹೊತ್ತು ನೋಡಿದ.

"ತಿನ್ನಿ," ಎಂದ ಕೊನೆಗೆ, ತಲೆಯೆತ್ತದೆ. "ಬಸ್ಸು ನಾಲ್ಕಕ್ಕೈತೆ."

ಸೋಮವಾರ ಮೀಟಿಂಗಿನಲ್ಲಿ ರಹಮತುಲ್ಲಾ ಎದ್ದು ನಿಂತ. ಎರಡು ದಿನದಿಂದ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, ಮೂವತ್ತೆಂಟು ಸುಳ್ಳು ಎಂದಷ್ಟೇ ಹೇಳಿದ. ಎರಡನೇ ತಂತಿ ವಾಪಸ್ಸು ಹಾಕಿಸಿ, ವೆಂಕಟಸ್ವಾಮಿಯನ್ನೂ ಕರೆಸಿ ಎಂದ.

ನರಸಿಂಹಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಂತಿ ಹಾಕಿಸ್ತೀನಿ. ಅವರದು ವರ್ಗಾವಣೆ ಆರ್ಡರ್ ಆಗೋಗಿದೆ ಕಣ್ರೀ, ಈಗೇನೂ ಮಾಡಕ್ಕಾಗಲ್ಲ." ಆಮೇಲೆ ಉಳಿದ ತಂಡಗಳವರ ಕಡೆ ತಿರುಗಿದರು. "ಇನ್ಯಾರಾದ್ರೂ ಇದ್ದೀರೇನ್ರೀ, ಹೀಗೆ?"

ಹೊರಗೆ ತುಮಕೂರು ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸಿತು. ರಹಮತುಲ್ಲಾನ ಎದುರು ಕೂತಿದ್ದ ರೆಕ್ಕೆ ತಂಡದ ಮುನಿಆಂಜಿನಪ್ಪ, ತನ್ನ ಮುಂದಿದ್ದ ತೂಕದ ಲೆಕ್ಕದ ಹಾಳೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟ.