ನೊರೆ ಹಚ್ಚಿದ ಬಲೂನು

ಬಲೂನಿನ ಹೊಳಪಿನಲ್ಲಿ ಫ್ಯಾನು ತಿರುಗುತ್ತಿದೆ, ಪುಟ್ಟದಾಗಿ, ಸೊಟ್ಟಗೆ, ನೊರೆ ಹಚ್ಚಿದ ಕಡೆ ಮಾಯವಾಗಿ ಇನ್ನೊಂದು ಬದಿಯಲ್ಲಿ ಮತ್ತೆ ಹುಟ್ಟಿಕೊಳ್ಳುತ್ತಿದೆ, ಅದನ್ನು ನೋಡಬಾರದು, ನೋಡಬೇಕಾದದ್ದು ಕತ್ತಿಯ ಅಂಚನ್ನು, ಇದನ್ನು ಮಗಳಿಗೆ ಅವನೇ ಎಷ್ಟು ಸಲ ಹೇಳಿಲ್ಲ, ಅಂಚು ನೋಡು ಕಣಮ್ಮ, ಬಲೂನು ಎಲ್ಲಿಗೂ ಓಡಿಹೋಗಲ್ಲ — ಈಗ ಅವನ ಕಣ್ಣೇ ಫ್ಯಾನಿನ ಬೆನ್ನು ಹತ್ತಿದೆ, ತನ್ನ ಕೈಯನ್ನು ನೋಡುವುದಕ್ಕಿಂತ ಅದೇ ವಾಸಿ. ಸಲೂನಿನ ಷಟರು ಅರ್ಧ ಇಳಿದಿದೆ, ಮಗಳು ಊಟಕ್ಕೆ ಹೋಗಿದ್ದಾಳೆ, ಇನ್ನೇನು ಬಂದುಬಿಡುತ್ತಾಳೆ, ಅವಳು ಬರುವುದರೊಳಗೆ ಒಂದು, ಒಂದೇ ಒಂದು ಬಲೂನು ಒಡೆಯದೆ ಉಳಿಯಬೇಕು. ಕುರ್ಚಿಯ ತಲೆದಿಂಬಿಗೆ ಅದನ್ನು ದಾರದಲ್ಲಿ ಬಿಗಿದು, ಕೆಳಗೆ ಬಿಳಿ ಬಟ್ಟೆ ಹೊದಿಸಿ, ಗಿರಾಕಿಯನ್ನು ಕೂರಿಸಿದ ಹಾಗೆ ಕೂರಿಸಿದ್ದಾನೆ, ದಾರ ಕಟ್ಟುವುದಕ್ಕೇ ಹಲ್ಲಿನ ಸಹಾಯ ಬೇಕಾಯಿತು, ಮೊದಲು ಒಡೆದದ್ದರ ಚೂರು ಕನ್ನಡಿಗೆ ಅಂಟಿಕೊಂಡು ನೊರೆ ಇಳಿಸುತ್ತಿದೆ, ತೆಗೆಯಬೇಕು, ಆಮೇಲೆ ತೆಗೆದರಾಯಿತು. ಈ ಕಸಬಿಗೆ ಬಂದವರೆಲ್ಲ ಮೊದಲು ಬಲೂನಿನ ಗಡ್ಡ ಹೆರೆಯಬೇಕು, ನೊರೆ ಪೂರ್ತಿ ಹೋಗಬೇಕು, ಬಲೂನು ಉಳಿಯಬೇಕು, ಬೀದಿಯವರೆಲ್ಲ ರೇಷ್ಮೆಕೈ ಎಂದು ಕರೆಯುವ ಮನುಷ್ಯ ತಲೆ ನರೆತ ಮೇಲೆ ಮತ್ತೆ ಬಲೂನಿನ ಮುಂದೆ ನಿಂತಿದ್ದಾನೆ, ಅಜ್ಜನಾಗುವ ವಯಸ್ಸಿನಲ್ಲಿ ಅ ಆ ಇ ಈ.

ರೇಷ್ಮೆಯಂತೆ ರೇಷ್ಮೆ, ಆ ಬಲಗೈಯೊಳಗೆ ಈಗ ಲೋಹದ ಪಟ್ಟಿ, ಅದಕ್ಕೆ ಸಾಲಾಗಿ ಸ್ಕ್ರೂ, ಹೊರಗೆ ಮಣಿಕಟ್ಟಿನ ಮೇಲೆ ಗುಲಾಬಿ ಗೆರೆ, ತುರಿಸುತ್ತದೆ, ತುರಿಸಿಕೊಳ್ಳಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಹಾಳು ನೆಲ. ನೆಲವನ್ನು ಯಾಕೆ ಬೈಯಬೇಕು, ಒಬ್ಬರು ಎದ್ದ ಕೂಡಲೇ ಗುಡಿಸು, ಒದ್ದೆ ನೆಲದ ಮೇಲೆ ಕೂದಲು ಬಿದ್ದರೆ ಪಾಚಿಗಿಂತ ಕಡೆ ಎಂದು ದಿನವೂ ಮಗಳ ಕಿವಿ ತೂತಾಗುವಷ್ಟು ಹೇಳಿದವನು ಅವನೇ ಅಲ್ಲವೇ, ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಕುರ್ಚಿಯಲ್ಲಿ ಸ್ಟೇಷನ್ ಮಾಸ್ಟರು ಕೂತಿದ್ದರು, ನಿವೃತ್ತರಾಗಿ ಎಷ್ಟೋ ಕಾಲವಾದರೂ ಯಾವ ರೈಲು ಎಷ್ಟು ತಡ ಎಂದು ಇನ್ನೂ ಕೊರಗುವವರು, ಕೆಲಸ ಮುಗಿದಿತ್ತು, ಎರಡೂ ಕಿವಿಯ ಮುಂದಿನ ಕೂದಲು ಸಮ ಬಂದಿದೆಯೇ ಎಂದು ನೋಡಲು ಅವನು ಹಿಂದೆ ಸರಿದ, ಯಾವಾಗಲೂ ಸರಿಯುತ್ತಾನೆ, ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ, ಅದು ಅವನ ಠೀವಿ, ಮಗಳು ನೂರು ಸಲ ಅಣಕಿಸಿದ್ದಾಳೆ — ತನ್ನ ಕೆಲಸವನ್ನು ತಾನೇ ಮೆಚ್ಚಿಕೊಳ್ಳಲು ಹಿಂದೆ ಸರಿದವನ ಕಾಲಡಿಯಲ್ಲಿ ಒದ್ದೆ ಕೂದಲು. ಅಂಗೈ ಊರಿದ್ದರೆ ಬಚಾವಾಗುತ್ತಿದ್ದನೋ ಏನೋ, ಬಿಚ್ಚಿದ ಕತ್ತಿ ಕೈಯಲ್ಲಿತ್ತು, ಬಿಟ್ಟರೆ ಅವರ ಕಾಲ ಮೇಲೆ ಹಾರೀತು ಎಂದು ಹಿಡಿ ಬಿಗಿದೇ ಬಿದ್ದ, ಒಣಪುಳ್ಳೆ ಮುರಿದ ಸದ್ದು, ಆಮೇಲೆ ಕೈ ಕೈಯ ಹಾಗೆ ಇರಲಿಲ್ಲ. ಆಪರೇಷನ್ನಿನ ದಿನ ಬೆಳಿಗ್ಗೆ ಸರ್ಜನ್ನು ಬಂದು ಮಾತಾಡಿಸುವಾಗ ಇವನಿಗೆ ಕಂಡದ್ದು ಅವರ ದವಡೆಯ ಕೆಳಗೆ ಬಿಟ್ಟುಹೋದ ನಾಲ್ಕಾರು ಕೂದಲು, ತನ್ನ ಗಡ್ಡವನ್ನೇ ನೆಟ್ಟಗೆ ಹೆರೆದುಕೊಳ್ಳಲಾರದವರು ನನ್ನ ಮೂಳೆ ಕೂಡಿಸುತ್ತಾರೆಯೇ, ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಆಮೇಲೆ ಭುಜದ ಹತ್ತಿರ ಸೂಜಿ, ತೋಳು ಮರಗಟ್ಟಿತು, ಪಕ್ಕದ ಹಲಗೆಯ ಮೇಲೆ ಯಾರದೋ ಕೈ ಮಲಗಿತ್ತು, ಯಾರದು ಪಾಪ ಎಂದುಕೊಂಡ, ಅದರ ತೋರುಬೆರಳಲ್ಲಿ ತನ್ನದೇ ಹಳೆಯ ಕತ್ತಿಗಾಯದ ಗುರುತು ಕಂಡಿತು.

ಅದು ಇನ್ನೂ ಯಾರದೋ ಕೈಯೇ. ಹೆಬ್ಬೆರಳ ತುದಿಯ ಜೋಮು ಬಿಟ್ಟಿಲ್ಲ, ಕತ್ತಿ ಹಿಡಿದಿದ್ದೇನೆಯೇ ಬಿಟ್ಟಿದ್ದೇನೆಯೇ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕು. ಮೂಳೆ ಚೆನ್ನಾಗಿ ಕೂಡಿದೆ, ನರದ ವಿಷಯ ಕಾದು ನೋಡೋಣ ಎಂದರು ಸರ್ಜನ್ನು, ಕಾದು ನೋಡುವುದು ಅವರಿಗೇನು ಕಷ್ಟ. ವ್ಯಾಯಾಮ ಮಾಡಿಸುವ ಹುಡುಗಿ ಅಂಗೈ ಮೇಲೆ, ಅಂಗೈ ಕೆಳಗೆ, ಸ್ಪಂಜು ಹಿಂಡಿ ಅಂಕಲ್ ಎನ್ನುತ್ತಾಳೆ, ಕೈಯಿಂದ ಮುಖ್ಯವಾಗಿ ಏನು ಕೆಲಸ ಮಾಡ್ತೀರಿ ಎಂದು ಕೇಳಿದಳು, ಶೇವಿಂಗು ಎಂದ, ಓ ಅದಕ್ಕೇನು, ಸ್ವಲ್ಪ ದಿನ ಅಲ್ಲಿ ಇಲ್ಲಿ ಕುಯ್ದುಕೊಂಡ್ರೂ ಪರವಾಗಿಲ್ಲ ಎಂದಳು, ನನ್ನದಲ್ಲಮ್ಮ, ಬೇರೆಯವರ ಕುತ್ತಿಗೆ ಎಂದಾಗ ಅವಳು ಅವನ ಮಣಿಕಟ್ಟನ್ನು ಮತ್ತೆ ಮೊದಲಿನಿಂದ ತಿರುಗಿಸತೊಡಗಿದಳು. ಹೆಂಡತಿಗೆ ಮಾತ್ರ ನೆಮ್ಮದಿ, ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತ, ಇನ್ನಾದ್ರೂ ಕೂತ್ಕೊಂಡು ತಿನ್ರೀ, ಮಗಳು ನೋಡ್ಕೋತಾಳಲ್ಲ, ನಿಮಗೇನು ಧಾಡಿ. ಧಾಡಿ ಏನೆಂದರೆ ಅವನು ಅಂಗಡಿಯ ಮೂಲೆಯ ಬೆಂಚಿನಲ್ಲಿ ಪೇಪರು ಹಿಡಿದು ಕೂತರೆ ಬಂದವರು ಹೇಗಿದೆ ಕೈ ಎಂದು ಕೇಳಿ ಉತ್ತರ ಬರುವ ಮೊದಲೇ ಮಗಳ ಕುರ್ಚಿಗೆ ಹೋಗುತ್ತಾರೆ, ಅವಳು ಚೆನ್ನಾಗಿಯೇ ಮಾಡುತ್ತಾಳೆ, ಅದೂ ಒಂದು ಸಂಕಟ, ಹೆಮ್ಮೆಯೂ ಹೌದು ಹೊಟ್ಟೆಕಿಚ್ಚೂ ಹೌದು, ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ಅಪ್ಪನನ್ನು ಎಲ್ಲಾದರೂ ಕಂಡಿದ್ದೀರಾ. ಸ್ಟೇಷನ್ ಮಾಸ್ಟರೊಬ್ಬರೇ ಅವಳ ಕೈಗೆ ಗಲ್ಲ ಕೊಟ್ಟಿಲ್ಲ, ಗಡ್ಡ ಎದೆಗೆ ಇಳಿಯುತ್ತಿದೆ, ನಿನ್ನೆ ಫೋನಿನಲ್ಲಿ ಏನಯ್ಯಾ, ನಿನ್ನ ಕೈ ನಂಬಿ ನಾನು ಸನ್ಯಾಸಿ ಆಗ್ಬೇಕಾ ಎಂದರು, ಇವನ ನಾಲಿಗೆ ಸುಮ್ಮನಿರಬಾರದೇ, ನಾಳೆ ಸಂಜೆ ಬನ್ನಿ ಸಾರ್, ನಾನೇ ಮಾಡ್ತೀನಿ. ಮಾಡುತ್ತಾನಂತೆ. ಅವರ ಸಡಿಲ ಕತ್ತು, ಮಡಿಕೆ ಮಡಿಕೆ, ಗಂಟಲ ಮಣಿ ಏರಿ ಇಳಿಯುವುದು, ರೈಲಿನ ಕಥೆ ನಡುವೆ ನಿಲ್ಲಿಸುವ ಅಭ್ಯಾಸವೂ ಇಲ್ಲ, ಬಿಳಿ ನೊರೆಯಲ್ಲಿ ಒಂದು ಕೆಂಪು ಚುಕ್ಕೆ — ಬೇಡ, ಅದನ್ನು ನೆನೆಯಬಾರದು, ಅಂಚು ನೋಡು, ಅಂಚು.

ಬಲೂನು ಆದ ಮೇಲೆ ಕಲಿಸಿದವನ ಕುತ್ತಿಗೆ, ಅದು ಇವನಿಗೆ ಕತ್ತಿ ಹಿಡಿಯಲು ಕಲಿಸಿದ ಸೋದರಮಾವ ಹಾಕಿಕೊಟ್ಟ ಕಟ್ಟಳೆ, ಬೇರೆಯವರ ಮೈಮೇಲೆ ಕಲೀಬಾರದು ಕಣೋ, ತಗೋ ನನ್ನದು ಎಂದು ಮಾವ ಕತ್ತೆತ್ತಿ ಕೂತಿದ್ದ, ಕತ್ತು ಕೊಟ್ಟವನು ಎಂಜಲು ನುಂಗಬಾರದು, ಕಲಿಯುವವನು ಉಸಿರು ಬಿಡಬಾರದು. ಮಗಳ ಸರದಿ ಬಂದಾಗ ಇವನು ಕೂತ, ಅವಳು ಚಿಕ್ಕಂದಿನಲ್ಲಿ ಚಿತ್ರಕ್ಕೆ ಬಣ್ಣ ತುಂಬುವಾಗಿನ ಹಾಗೆ ನಾಲಿಗೆಯ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದಳು, ಕನ್ನಡಿಯಲ್ಲಿ ಅದನ್ನು ಕಂಡು ಎದೆ ತುಂಬಿ ಬಂದು ನುಂಗಿಬಿಟ್ಟ, ಅಷ್ಟೇ, ಬಿಳಿ ನೊರೆಯಲ್ಲಿ ಸಾಸಿವೆಯಷ್ಟು ಕೆಂಪು, ನೋಡನೋಡುತ್ತ ಅಗಲವಾಯಿತು, ಅವಳು ಕತ್ತಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಅತ್ತಳು, ಇನ್ನು ಮುಟ್ಟಲ್ಲ ಅಪ್ಪ, ಸತ್ತರೂ ಮುಟ್ಟಲ್ಲ. ನುಂಗಿದ್ದು ನಾನು, ತಪ್ಪು ನಂದು, ಅರ್ಧ ಮುಖ ಹೊತ್ಕೊಂಡು ನಾನು ಬೀದೀಲಿ ಹೋಗೋಕಾಗುತ್ತಾ, ಬಾ ಮುಗಿಸು. ಬಂದು ಮುಗಿಸಿದಳು. ಕತ್ತಿ ಈಗ ಬಲೂನಿನ ಉಬ್ಬು ದಾಟಿ ಕೆಳಗೆ ಇಳಿಯುತ್ತಿದೆ, ನಿಧಾನ, ಇಲ್ಲಿ ಮಣಿಕಟ್ಟು ಒಳಕ್ಕೆ ತಿರುಗಬೇಕು, ತಿರುಗುತ್ತಿಲ್ಲ, ಅರ್ಧಕ್ಕೆ ಬಂದು ಒಳಗೆ ಬಾಗಿಲು ಹಾಕಿದ ಹಾಗೆ ನಿಲ್ಲುತ್ತದೆ, ಇನ್ನು ಸ್ವಲ್ಪ, ಹೆಬ್ಬೆರಳು ಎಲ್ಲಿದೆ, ಹೆಬ್ಬೆರಳು — ಒಡೆಯಿತು. ನೊರೆ ಮುಖಕ್ಕೆ, ಕನ್ನಡಿಗೆ, ಬಿಳಿ ಬಟ್ಟೆ ಮೆಲ್ಲಗೆ ಕುಸಿದು ಕುರ್ಚಿ ಖಾಲಿಯಾಯಿತು, ಇಷ್ಟೇ ಸುಲಭ, ಇದೇ ಕುತ್ತಿಗೆಯಾಗಿದ್ದರೆ.

ಷಟರಿನ ಕೆಳಗೆ ಚಪ್ಪಲಿ, ಅವಳದೇ, ಎಷ್ಟು ಹೊತ್ತಿನಿಂದ ನಿಂತಿತ್ತೋ. ಬಗ್ಗಿ ಒಳಗೆ ಬಂದಳು, ಕನ್ನಡಿಯ ಮೇಲಿನ ಚೂರು ನೋಡಿದಳು, ನೆಲದ ಚೂರು ನೋಡಿದಳು, ಪೊರಕೆ ತಂದು ಕುರ್ಚಿಯ ಹಿಂದೆ ಚೊಕ್ಕಟವಾಗಿ ಗುಡಿಸಿ ಒಣಬಟ್ಟೆಯಲ್ಲಿ ಒರೆಸಿದಳು. ಸ್ಟೇಷನ್ ಮಾಸ್ಟರು ಆಗ್ಲೇ ಬಂದು ಮೂಲೆ ಅಂಗಡೀಲಿ ಟೀ ಕುಡೀತಿದಾರೆ, ಎಂದಳು. ನೀನೇ ಮಾಡಿಬಿಡಮ್ಮ ಅವರಿಗೆ, ಎಂದ, ಎಷ್ಟು ಸಲೀಸಾಗಿ ಬಂತು ಆ ಮಾತು, ಬಂದ ಮೇಲೆ ಹಿಂದಕ್ಕೆ ಕರೆಯುವ ಹಾಗಿಲ್ಲ, ಅವಳು ಕುರ್ಚಿಯಲ್ಲಿ ಕೂತಳು, ಬಿಳಿ ಬಟ್ಟೆ ತಾನೇ ಹೊದ್ದುಕೊಂಡಳು, ಜಡೆ ಎತ್ತಿ ತಲೆ ಬಗ್ಗಿಸಿದಳು. ನನಗೆ ಗಡ್ಡ ಇಲ್ಲ, ಏನ್ ಮಾಡ್ಲಿ, ಹಿಂಗತ್ತಲ್ಲಿ ಕೂದಲಿದೆ, ತೆಗಿ. ಬೇಡ ಕಣಮ್ಮ, ನೋಡಿದೆಯಲ್ಲ. ನೋಡ್ದೆ, ಬಲೂನು ನಂಬಲ್ಲ ಅಪ್ಪ, ನಾನು ನಂಬ್ತೀನಿ, ತೆಗಿ.

ಬ್ರಶ್ಶು ಎಡಗೈಯಲ್ಲಿ, ನೊರೆ, ತಣ್ಣಗಾಯಿತೇನೋ, ಅವಳ ಹೆಗಲು ಒಮ್ಮೆ ಕುಣಿಯಿತು, ಹಸುಗೂಸಾಗಿದ್ದಾಗ ಇದೇ ಕತ್ತು ನಿಲ್ಲುತ್ತಿರಲಿಲ್ಲ, ಇದೇ ಕೈ ಹಿಂದೆ ಕೊಟ್ಟು ಎತ್ತಿಕೊಳ್ಳುತ್ತಿದ್ದ, ಕಿವಿಯ ಹಿಂದೆ ಸಣ್ಣ ನರ ಮಿಡಿಯುತ್ತಿದೆ, ಅಂಚು ನೋಡು, ಮಿಡಿತ ನೋಡಬೇಡ, ಪಟ್ಟಿ, ಸ್ಕ್ರೂ, ಹೆಬ್ಬೆರಳು ಇದೆ, ಕಣ್ಣಿಗೆ ಕಾಣುತ್ತಿದೆ, ಇದ್ದೇ ಇದೆ, ನುಂಗಬೇಡ ಎಂದು ಅವಳಿಗೆ ಹೇಳಬೇಕಾಗಿಲ್ಲ, ಉಸಿರನ್ನೂ ಹಿಡಿದಿದ್ದಾಳೆ, ಅವನೂ ಹಿಡಿದಿದ್ದಾನೆ, ಅಂಗಡಿಯಲ್ಲಿ ಉಸಿರಾಡುತ್ತಿರುವುದು ಫ್ಯಾನು ಒಂದೇ — ಕತ್ತಿ ತಾಗಿತು, ಇಳಿಯಿತು, ಒಂದು ಬೆರಳಿನಷ್ಟು, ನೊರೆ ಸರಿದು ಚರ್ಮ ಕಂಡಿತು, ಅವನು ಹಿಂದೆ ಸರಿಯಲಿಲ್ಲ, ಇನ್ನೂ ಹತ್ತಿರ ಬಗ್ಗಿದ, ಈಗ ಬರುತ್ತದೆ, ಈಗ, ಸಾಸಿವೆಯಷ್ಟು ಕೆಂಪು, ಬಿಳಿಯ ನಡುವೆ, ಈಗ — ಬಿಳಿ, ಇನ್ನೂ ಬಿಳಿ, ಆ ಕೆಂಪು ಚುಕ್ಕೆ ಎಲ್ಲೂ ಇಲ್ಲ, ಬಿಳಿ,