ಹನ್ನೊಂದರ ಕರೆಂಟು

"ಇನ್ನೊಂಚೂರು ಎತ್ತಿ ಮೇಡಮ್ಮೋರೆ, ಕಮಾನು ತಗಲ್ತದೆ" ಎಂದು ಧರ್ಮೇಂದ್ರ ಚಟ್ಟಕ್ಕೆ ಹೆಗಲು ಕೊಟ್ಟಲ್ಲಿಂದಲೇ ಹೇಳಿದ.

ಸ್ಕೂಲಿನ ರೂಪಶ್ರೀ ಮೇಡಂ ಕವೆಗೋಲನ್ನು ಎರಡೂ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ನಿಂತು, ಕಪ್ಪು ವೈರನ್ನು ಇನ್ನಷ್ಟು ಮೇಲಕ್ಕೆತ್ತಿದಳು. ಕೆಳಗೆ ದೊಡ್ಡಬೀರಯ್ಯ ಚಟ್ಟಕ್ಕೆ ಕಟ್ಟಿದ ಕುರ್ಚಿಯಲ್ಲಿ ಕೂತಿದ್ದ. ಹಿರಿಯರು ಸತ್ತರೆ ಮಲಗಿಸಿ ಒಯ್ಯುವುದು ಆ ಮನೆತನದಲ್ಲಿಲ್ಲ. ಕೂರಿಸಿ, ತಲೆಯ ಮೇಲೆ ಬಿದಿರಿನ ಕಮಾನು ಕಟ್ಟಿ, ಚೆಂಡುಹೂ ಸುತ್ತಿ ಒಯ್ಯಬೇಕು. ಗುಂಡಿ ತೋಡಿದ್ದು ಅವನದೇ ಹೊಲದಲ್ಲಿ, ಪಂಪ್‌ಮನೆಯ ಆಚೆ. ಪಂಪ್‌ಮನೆಯಿಂದ ಸ್ಕೂಲಿಗೆ ಎಳೆದ ಈ ವೈರನ್ನು ದಾಟದೆ ಅಲ್ಲಿಗೆ ದಾರಿಯಿರಲಿಲ್ಲ.

"ಕತ್ತರಿಸಿ ಬಿಸಾಕಿ ಅತ್ಲಾಗೆ" ಎಂದು ಮುದುಕ ಜವರಯ್ಯ ಗೊಣಗಿದ. "ಎಣ ನಿಲ್ಲಿಸ್ಕಂಡು ವೈರ್ ಕಾಯ್ತಾ ಕೂತವ್ರೆ."

"ಕತ್ತರಿಸಬ್ಯಾಡಿ" ಎಂದಳು ಸತ್ತವನ ಹೆಂಡತಿ ಭಾಗ್ಯಮ್ಮ. "ಅವ್ರು ಎಳ್ಸಿದ್ದು. ಇರ್ಲಿ ಬುಡಿ."

ರೂಪಶ್ರೀಗೆ ಹೋದ ಜೀವ ಬಂದಂತಾಯಿತು. ಹಿಂದೆಯೇ ನಾಚಿಕೆಯೂ ಆಯಿತು. ಸಾವಿಗೆ ಬಂದು ವೈರಿನ ಚಿಂತೆ ಮಾಡುವವಳು ಎಂಥ ಹೆಂಗಸು? ಆದರೆ ಮಾಡದೆ ಇರುವುದೂ ಅವಳಿಂದ ಆಗಲಿಲ್ಲ. ವೈರೊಂದು ಉಳಿದರೆ ಸಾಲದು, ಹನ್ನೊಂದರಿಂದ ಹನ್ನೆರಡರವರೆಗೆ ಮೋಟರು ಸುಮ್ಮನಿರಬೇಕು. ಅದು ಇನ್ನು ಮಗ ಕುಮಾರನ ಕೈಯಲ್ಲಿತ್ತು. ಕುಮಾರ ಬೆಂಕಿಯ ಮಡಕೆ ಹಿಡಿದು, ಹಿಂದೆ ತಿರುಗಿ ನೋಡದೆ, ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ.

*

ಗಾವಡಗೆರೆ ಕಡೆಯ ಆ ಪುಟ್ಟ ಸ್ಕೂಲಿಗೆ ದೊಡ್ಡ ಟಿವಿ ಬಂದಾಗ ಊರೆಲ್ಲ ನೋಡಲು ಬಂದಿತ್ತು. ನೋಡಿದ್ದು ಮಾತ್ರ ಪೆಟ್ಟಿಗೆಯನ್ನು. ಹೆಡ್‌ಮಾಸ್ಟರ್ ಶಶಿಕುಮಾರ್ ಅದನ್ನು ಬಿಚ್ಚಲೇ ಇಲ್ಲ. "ಕೆಟ್ಟೋದ್ರೆ ಉತ್ತರ ಕೊಡೋರು ಯಾರು ಮೇಡಂ?" ಎಂದು ಬೀಗ ಹಾಕಿದರು. ಒಂದೂವರೆ ವರ್ಷ ಆ ಪೆಟ್ಟಿಗೆಯ ಮೇಲೆ ಅಕ್ಕಿಮೂಟೆ ಕೂತಿತ್ತು. ಕೊನೆಗೆ ರೂಪಶ್ರೀ ಎಲ್ಲ ಜವಾಬ್ದಾರಿ ತನ್ನದೆಂದು ಬರೆದುಕೊಟ್ಟು, ಟಿವಿಯನ್ನು ಗೋಡೆಗೆ ಏರಿಸಿದಳು. ನೆಟ್‌ವರ್ಕ್ ಸಿಗುವ ಹುಣಸೂರಿನ ತನ್ನ ಮನೆಯಲ್ಲಿ ಪಾಠಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದಳು. ಆಮೇಲೆ ತಿಳಿಯಿತು, ಊರಿನ ಲೈನಿನಲ್ಲಿ ಹತ್ತಕ್ಕೆ ಹೋದ ಕರೆಂಟು ಮೂರರ ಮೇಲೆಯೇ ಬರುವುದು.

ಆಗ ಎರಡನೇ ಕ್ಲಾಸಿನಲ್ಲಿದ್ದ ಬೃಂದಾ ಮನೆಗೆ ಹೋಗಿ ಇದನ್ನು ತಾತನಿಗೆ ಹೇಳಿದಳು. ಮರುದಿನ ದೊಡ್ಡಬೀರಯ್ಯ ಬಂದು ಬಾಗಿಲಲ್ಲಿ ನಿಂತ.

"ನಮ್ ಪಂಪ್‌ಮನೆಗೆ ಒಂಬತ್ತರಿಂದ ಹನ್ನೆರಡುಗಂಟ ಕರೆಂಟ್ ಬತ್ತದೆ. ಎಳ್ಕಳಿ ಮೇಡಮ್ಮೋರೆ. ಮಕ್ಳು ನೋಡ್ಲಿ."

ಮೊದಲ ದಿನ ಟಿವಿಯಲ್ಲಿ ಹೃದಯ ಬಡಿದುಕೊಳ್ಳುತ್ತಿತ್ತು. ಅತ್ತ ಮೋಟರು ಹೊರಟಿತು, ಇತ್ತ ವೋಲ್ಟೇಜು ಇಳಿದು ಟಿವಿ ಕಪ್ಪಾಯಿತು. ಮುದುಕ ಏದುಸಿರು ಬಿಡುತ್ತ ಓಡಿಬಂದು, ಸ್ಲೇಟು ಒಡೆದ ಹುಡುಗನಂತೆ ತಲೆ ತಗ್ಗಿಸಿ ನಿಂತ. ಅವತ್ತಿನಿಂದ ಹನ್ನೊಂದಾಯಿತೆಂದರೆ ಮೋಟರು ನಿಲ್ಲಿಸಿ, ಯಾರೂ ಬಂದು ಒತ್ತದಂತೆ ಸ್ಟಾರ್ಟರಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಎರಡು ವರ್ಷ ಕೂತ.

ಟಿವಿ ನೋಡಲು ಅವನು ಒಳಗೆ ಬಂದದ್ದು ಒಂದೇ ಸಲ, ಮೋಟರು ಸುಟ್ಟು ರಿಪೇರಿಗೆ ಹೋಗಿದ್ದಾಗ. ಅವತ್ತು ಸಮುದ್ರದ ಪಾಠ. ಬಹಳ ಹೊತ್ತು ನೋಡಿ, ಮಕ್ಕಳ ಎದುರೇ ಕೇಳಿದ: "ಇಷ್ಟು ನೀರೆತ್ತಕ್ಕೆ ಎಷ್ಟು ಎಚ್‌ಪಿ ಮೋಟ್ರು ಬೇಕಾಯ್ತದೆ?"

ಮಕ್ಕಳು ಬಿದ್ದು ಬಿದ್ದು ನಕ್ಕವು. ಅವನೂ ನಕ್ಕ. ನಿನ್ನೆ ಸಂಜೆ ಕಾಫಿ ಕುಡಿದು ಜಗಲಿಯ ಮೇಲೆ ಒರಗಿದವನು ಏಳಲಿಲ್ಲ.

*

ಗುಂಡಿ ಮುಚ್ಚಿದರು. ಮಣ್ಣು ಮಾಡಿದವರು ಕೈಕಾಲು ತೊಳೆಯದೆ ಮನೆ ಕಡೆ ಹೆಜ್ಜೆ ಇಡುವಂತಿಲ್ಲ. ಎಲ್ಲರೂ ಪಂಪ್‌ಮನೆಯ ತೊಟ್ಟಿಗೆ ಬಂದರು. ತೊಟ್ಟಿ ಬರಿದಾಗಿತ್ತು.

"ಮೋಟ್ರು ಆಕ್ಲಾ ಕುಮಾರ" ಎಂದ ಜವರಯ್ಯ.

ಕುಮಾರ ಸ್ಟಾರ್ಟರಿನ ಮುಂದೆ ನಿಂತ. ಗಂಟೆ ಹನ್ನೊಂದೂಕಾಲು. ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ, ಮೆಲ್ಲಗೆ, ಭಾಗ್ಯಮ್ಮನನ್ನು ಮುಂದಿಟ್ಟುಕೊಂಡು ಆ ಒಂದು ಗಂಟೆಯನ್ನು ಕೇಳಬೇಕೆಂದು ರೂಪಶ್ರೀ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಕುಮಾರನೇ ಅವಳ ಕಡೆ ತಿರುಗಿದ. ಅವನ ಕಣ್ಣು ಕೆಂಪಾಗಿದ್ದವು.

"ಮೇಡಂ, ಇರೋದೇ ಮೂರು ಗಂಟೆ ಕರೆಂಟು. ಅದ್ರಲ್ಲಿ ಒಂದು ಗಂಟೆ ನಿಮಗೆ ಬುಟ್ರೆ ಶುಂಠಿ ಕೊನೇ ಸಾಲ್ಗೆ ನೀರೇ ಓಗಲ್ಲ. ಇದ್ಕೇ ಅಪ್ಪನ ಕೂಡೆ ಎರಡು ವರ್ಷ ಜಗಳ ಆಡ್ದೆ. ಅವರ್ನ ಗೆಲ್ಲಕ್ಕೆ ನನ್ ಕೈಲಾಗ್ನಿಲ್ಲ. ನೀವೇ ಏಳಿ, ನಾನೇನ್ ಮಾಡ್ಲಿ?"

ಬೈದಿದ್ದರೆ ಅವಳಲ್ಲೂ ಉತ್ತರವಿತ್ತು. ಶಶಿಕುಮಾರರಿಗೆ ಕೊಟ್ಟಿದ್ದಳು, ಶಿಕ್ಷಣ ಇಲಾಖೆಯ ಆಫೀಸಿನವರಿಗೂ ಕೊಟ್ಟಿದ್ದಳು. ಇವನು ಬೈಯದೆ ಅವಳನ್ನೇ ಕೇಳುತ್ತಿದ್ದಾನೆ. ಆ ಕೊನೇ ಸಾಲು ಹಳದಿ ತಿರುಗಿದ್ದನ್ನು ಅವಳು ದಿನಾ ಬಸ್ಸಿಳಿದು ಬರುವಾಗ ಕಣ್ಣಾರೆ ನೋಡುತ್ತಿದ್ದಳು, ನೋಡಿಯೂ ನೋಡದವಳಂತೆ ಹೋಗುತ್ತಿದ್ದಳು.

"ಹಾಕಿ ಕುಮಾರ್. ಜನ ಕಾಯ್ತಿದ್ದಾರೆ" ಎಂದಳು.

ಅವನು ಹಸಿರು ಗುಂಡಿ ಒತ್ತಿದ. ಪೈಪು ಎರಡು ಸಲ ಕೆಮ್ಮಿ, ದಪ್ಪಗೆ ನೀರು ಸುರಿಯಿತು. ಗಂಡಸರು ಮುಗಿಬಿದ್ದರು. ಬೃಂದಾ ಬಂದು ಅವಳ ಸೆರಗು ಹಿಡಿದಳು.

"ಮಿಸ್, ಮೋಟ್ರು ಓಡ್ತಾ ಅದೆ. ನಾಳೆ ಪಾಠ ಬರಕಿಲ್ವಾ?"

"ಕಾಲು ತೊಳ್ಕೊಳವ್ವ" ಎಂದಳು ರೂಪಶ್ರೀ. "ಹಿಮ್ಮಡಿ ನೆನೀಬೇಕು, ನೋಡ್ಕೋ."

ಅವಳೂ ಸೀರೆ ಎತ್ತಿ ಹಿಡಿದು ಕಾಲು ತೊಳೆದಳು. ತೊಟ್ಟಿ ತುಂಬಿ ನೀರು ಕಾಲುವೆಗೆ ಬಿತ್ತು. ಒಣಗಿದ ತರಗನ್ನು ತಳ್ಳಿಕೊಂಡು ಬಂದು ಅವಳ ಪಾದಕ್ಕೆ ತಡೆದು ನಿಂತಿತು. ಅವಳು ಕಾಲು ತೆಗೆದು ದಾರಿ ಬಿಟ್ಟಳು. ನೀರು ಕೊನೇ ಸಾಲಿನ ಕಡೆ ಹರಿಯಿತು.