ಭಾವನವರು ಹಿಡಿದ ಹಗ್ಗ

ನಮ್ಮ ಭಾವನವರು ಮಕ್ಕಳಿಗೆ ಭೌತಶಾಸ್ತ್ರದ ಟ್ಯೂಷನ್ ಹೇಳುತ್ತಾರೆ. ಗುರುತ್ವ, ಘರ್ಷಣೆ, ಜಡತ್ವ, ಎಲ್ಲವೂ ನಾಲಿಗೆ ತುದಿಯಲ್ಲಿ. ಮನೆಯಲ್ಲಿ ಬಲ್ಬು ಹೋದರೆ ಮಾತ್ರ ಸ್ಟೂಲ್ ಹತ್ತಬೇಕಾದವಳು ಅಕ್ಕ. ಪುಸ್ತಕದ ಬದನೆಕಾಯಿ ಅಂತಾರಲ್ಲ, ಅದೇ ಈ ಮನುಷ್ಯ.

ಅಕ್ಕ ಮಹಡಿ ಮೇಲಿನ ಅಡುಗೆಮನೆಯ ಮೂಲೆಯಲ್ಲಿ ಹೊಲಿದು ಹೊಲಿದು, ಕೊನೆಗೂ ಕೆಳಗೆ ರಸ್ತೆ ಪಕ್ಕ ಒಂದು ಅಂಗಡಿ ಹಿಡಿದಿದ್ದಳು. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯಬೇಕು. ಅವಳ ಹೊಲಿಗೆ ಯಂತ್ರ ಎರಕದ ಕಬ್ಬಿಣದ್ದು, ಕಲ್ಲಿನಷ್ಟು ಭಾರ. ಇನ್ನೊಂದು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

"ಇಬ್ಬರನ್ನ ಕರ್ಕೊಂಡು ಬರ್ತೀನಿ, ನಾಲ್ಕು ಜನ ಹೊತ್ತು ಇಳಿಸೋಣ," ಅಂದೆ.

"ನಿಂಗೆ ತಲೆ ಇಲ್ವೇನೋ? ಇಳಿಜಾರು ಮಾಡಿದ್ರೆ ಗುರುತ್ವಾನೇ ಇಳಿಸುತ್ತೆ. ಘರ್ಷಣೆ ಒಂದು ಕಡಿಮೆ ಮಾಡ್ಬೇಕು, ಅಷ್ಟೆ," ಅಂದರು ಭಾವ.

ಮೆಟ್ಟಿಲ ಮೇಲೆ ಹಲಗೆ ಹಾಸಿ ಸೋಪಿನ ನೀರು ಬಳಿದೆವು. ಬಳಿದವಳು ಅಕ್ಕ, "ಇಲ್ಲಿ ಇನ್ನೊಂಚೂರು" ಎಂದವರು ಇವರು. ಯಂತ್ರಕ್ಕೆ ಕಟ್ಟಿದ ನಾರಿನ ಹಗ್ಗವನ್ನು ಮೇಲಿನ ಕಂಬಕ್ಕೆ ಎರಡು ಸುತ್ತು ಸುತ್ತಿ, ಸ್ವಲ್ಪ ಸ್ವಲ್ಪವೇ ಬಿಡಿ ಎಂದೆ. ಹಾಗೆ ಸುತ್ತಿದರೆ ಹಗ್ಗ ಕಂಬಕ್ಕೆ ಉಜ್ಜಿ ಅರ್ಧ ಭಾರ ಅದೇ ತಡೆಯುತ್ತದೆ. ಇದು ಅವರೇ ಹೇಳುವ ಪಾಠ.

"ಕಂಬ ಯಾಕೆ, ನಾನಿಲ್ವಾ?" ಎಂದರು.

ಯಂತ್ರವನ್ನು ಹಲಗೆಯ ಮೇಲ್ತುದಿಗೆ ಎಳೆದು ತಂದೆವು. ಅವರು ಹಗ್ಗ ಹಿಡಿದು ಬಾಗಿಲ ಒಳಗೆ ನಿಂತರು. ಕೆಳಗಿದ್ದ ನನಗೂ ಅಕ್ಕನಿಗೂ ಅವರು ಕಾಣುತ್ತಿರಲಿಲ್ಲ, ಪಾಠ ಮಾತ್ರ ಕೇಳಿಸುತ್ತಿತ್ತು. "ಭಾರ ಕೆಳಕ್ಕೆ ಹೀಗೆ ಎಳೆಯುತ್ತೆ. ಹಲಗೆ ಅದನ್ನ ಹೀಗೆ ತಳ್ಳುತ್ತೆ. ಗೊತ್ತಾಯ್ತಾ?"

ಯಂತ್ರ ಬಾಣದ ಹಾಗೆ ಬಂತು. ಅಕ್ಕನನ್ನು ಪಕ್ಕಕ್ಕೆ ಎಳೆದುಕೊಂಡೆ. ಅದು ಎದುರು ಗೋಡೆಗೆ ಬಡಿದು, ಕುತ್ತಿಗೆಯಲ್ಲೇ ಮುರಿದು ಎರಡಾಯಿತು.

ಭಾವ ನಿಧಾನವಾಗಿ ಇಳಿದು ಬಂದರು. "ಕೊನೇ ತನಕ ಹಿಡ್ಕೊಂಡಿದ್ದೆ. ಓಡೋಕೆ ಶುರುವಾದ್ಮೇಲೆ ಜಡತ್ವ ಎಲ್ಲಿ ಬಿಡುತ್ತೆ? ಹಗ್ಗ ಕೈಯಿಂದ ಕಿತ್ಕೊಂಡು ಹೋಯ್ತು. ಈ ಹಲಗೇನೇ ಸರಿ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಯಂತ್ರ ಬಿಟ್ಟು ಅವರತ್ತ ಓಡಿದಳು. ಒರಟು ಹಗ್ಗ ಅಷ್ಟು ಭಾರಕ್ಕೆ ಜಾರಿದರೆ ಅಂಗೈ ಸುಲಿದುಹೋಗುತ್ತದೆಂದು ಅವಳಿಗೆ ಗೊತ್ತು.

"ಕೈ ತೋರ್ಸಿ ರೀ, ಔಷಧಿ ಹಚ್ತೀನಿ."

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಅವಳು ಬಿಡದೆ ಹಿಡಿದು ಮುಷ್ಟಿ ಬಿಡಿಸಿದಳು. ಎರಡೂ ಅಂಗೈ ನುಣ್ಣಗಿದ್ದವು. ಒಂದು ಗೀರೂ ಇರಲಿಲ್ಲ. "ಹೀಗೆ, ಹೀಗೆ" ಎಂದು ಗಾಳಿಯಲ್ಲಿ ಬರೆದು ತೋರಿಸುತ್ತಿದ್ದ ಕೈಗಳಲ್ಲಿ ಹಗ್ಗ ಎಲ್ಲಿರುತ್ತದೆ?

"ನೀವು ಹಿಡ್ಕೊಂಡೇ ಇರ್ಲಿಲ್ಲ," ಅಂದಳು ಅಕ್ಕ.

 

ಅಕ್ಕ ಬಗ್ಗಿ ಯಂತ್ರದ ಒಂದು ಪಕ್ಕ ಹಿಡಿದಳು. "ಬಾರೋ, ಆ ಕಡೆ ಹಿಡಿ. ಅಂಗಡಿ ಒಳಗೆ ಇಡೋಣ." ಭಾವನವರೂ ಕೈ ಚಾಚಿ ಮುಂದೆ ಬಂದರು.

ಅವಳು ತಲೆ ಎತ್ತಲಿಲ್ಲ. "ನೀವು ಬೇಡ," ಅಂದಳು.